ನೊಗದ ಮೇಲಿನ ಹಸಿರು ವಸ್ತ್ರ

ಮಚ್ಚು ರಿಸೀವರ್ ರೇವಣಸಿದ್ದಯ್ಯನವರ ಕುತ್ತಿಗೆ ಮೇಲಿತ್ತು.

ನಾನು ಪಕ್ಕದ ಬಂಡೆಯ ಮೇಲೆ ಕೂತು ಬೀಡಿ ಹಚ್ಚಿದೆ.

"ನರಸಯ್ಯ... ಏನಾದರೂ ಮಾಡಯ್ಯ..."

"ಯಾವ ಕಾಂಟ್ರಾಕ್ಟ್ ಮೇಲೆ ಮಾಡ್ಲಿ ಸ್ವಾಮಿ?" ಅಂದೆ.

ನನ್ನದು ಕಲ್ಲು ಮನಸ್ಸು ಅಂತೀರಿ. ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಕನಕಪುರದ ಮುಕ್ತಿಯಾರ್ ಸಾಹೇಬರ ರೇಷ್ಮೆ ಗಾಡಿಗಳಿಗೆ ಕ್ಲೋಸ್‌ಪೇಟೆ ರೈಲ್ವೆ ಸ್ಟೇಷನ್ನಿನವರೆಗೆ ನಾನು, ವಹಾಬ್ ಇಬ್ಬರೇ ಕಾವಲು. ಮುಂದಿನ ಗಾಡಿಯ ನೊಗಕ್ಕೆ ನಮ್ಮ ಹಸಿರು ವಸ್ತ್ರ ಕಟ್ಟಿದ್ದರೆ ಈ ದಾರಿಯ ಕಳ್ಳರು ಹತ್ತಿರ ಸುಳಿಯುತ್ತಿರಲಿಲ್ಲ. ಸುಳಿದವರ ಗತಿ ಉಳಿದವರಿಗೆ ಗೊತ್ತಿತ್ತು. ಸಾಹೇಬರ ಕರಾರು ಇಷ್ಟೇ: ತಿಂಗಳಿಗೆ ಫೀಜು, ಕಾವಲಿನಲ್ಲಿ ಸತ್ತರೆ ಹೆಂಡತಿಗೆ ಒಂದು ವರ್ಷದ ಫೀಜು.

ಸಾಹೇಬರು ತೀರಿಕೊಂಡರು. ಮಕ್ಕಳು ಆಸ್ತಿಗೆ ಕಚ್ಚಾಡಿ ಕೋರ್ಟಿಗೆ ಹೋದರು. ವ್ಯಾಜ್ಯ ತೀರುವ ತನಕ ವ್ಯಾಪಾರ ನಡೆಸಲು ಕೋರ್ಟು ರೇವಣಸಿದ್ದಯ್ಯನವರನ್ನು ರಿಸೀವರ್ ಮಾಡಿತು. ಬೆಂಗಳೂರಿನ ವಕೀಲರು. ಬಾಯಿ ಬಿಟ್ಟರೆ ಕಾನೂನು.

ಅವರ ಗಾಡಿಗೂ ನಾವೇ ಕಾವಲು ಹೋದೆವು. ಹೋದ ತಿಂಗಳು ಹೊರಗಿನ ಗುಂಪೊಂದು ಮೇಲೆ ಬಿತ್ತು. ಗಾಡಿ ಉಳಿಯಿತು. ವಹಾಬ್ ಉಳಿಯಲಿಲ್ಲ.

ಅವನ ಹೆಂಡತಿ ಶರ್ಫುನ್ನೀಸಾಗೆ ಕರಾರಿನ ಆ ಒಂದು ವರ್ಷದ ದುಡ್ಡು ಸೇರದಿದ್ದರೆ ನೂಲು ತೆಗೆಯುವ ರಾಟೆ ಸಾಲ ಕೊಟ್ಟವನ ಪಾಲು. ಇವತ್ತು ಬೆಳಿಗ್ಗೆ ಗಾಡಿ ಹೊರಡುವ ಮುಂಚೆ ನಾನೇ ಹೋಗಿ ಕೇಳಿದೆ.

"ಆ ಕಾಂಟ್ರಾಕ್ಟ್ ಆದದ್ದು ನನ್ನ ಅಪಾಯಿಂಟ್‌ಮೆಂಟಿಗೆ ಮುಂಚೆ," ಅಂದರು ರಿಸೀವರ್. "ನನಗೆ ಸಂಬಂಧವಿಲ್ಲ."

"ಅವ್ನು ಸತ್ತಿದ್ದು ನಿಮ್ಮ ಗಾಡಿ ಕಾಯ್ತಾ ಅಲ್ವಾ ಸ್ವಾಮಿ?"

"ಕರಾರಿನಲ್ಲಿ ನನ್ನ ರುಜು ಇದೆಯೇನಯ್ಯ?"

"ಹಂಗಾರೆ ನೊಗದ ಮ್ಯಾಲಿನ ವಸ್ತ್ರ?"

"ಅದು ಇರಲಿ ಬಿಡು."

ನೋಡಿದಿರಾ! ಕರಾರು ಬೇಡ, ಕರಾರಿನ ವಸ್ತ್ರ ಬೇಕು. ಇಷ್ಟು ನಾಚಿಕೆಗೇಡಿತನ ಕಲಿಯೋಕೆ ಕಾಲೇಜಿಗೆ ಬೇರೆ ಹೋಗಬೇಕು. ವಸ್ತ್ರ ಬಿಚ್ಚಿ ಜೇಬಿಗಿಟ್ಟೆ. ರಿಸೀವರ್ ನಕ್ಕು ಗಾಡಿ ಹತ್ತಿದರು. ನಾನೂ ಕೋವಿ ಹೆಗಲಿಗೇರಿಸಿ ಹಿಂದೆಯೇ ನಡೆದೆ. ದಾರಿ ಸರ್ಕಾರದ್ದು.

ಅರ್ಧ ದಾರಿಯಲ್ಲಿ ಇಲ್ಲಿನ ಹಳೇ ಕಳ್ಳ ಹುಚ್ಚಯ್ಯನ ಗುಂಪು ಪೊದೆಯಿಂದ ಹಾರಿತು. ರಿಸೀವರ್ ಗಾಡಿಯಿಂದ ಧುಮುಕಿ ಓಡಿದರು... ಹಳ್ಳ ದಾಟಿದರು, ದಿಣ್ಣೆ ಹತ್ತಿದರು. ಕಳ್ಳಿಬೇಲಿಗೆ ಕೋಟು ಸಿಕ್ಕಿಕೊಂಡಿತು. ಹುಚ್ಚಯ್ಯ ಎಳೆದು ತಂದು ಮಚ್ಚಿಟ್ಟ.

"ಏನ್ಲಾ ನರಸ, ಗಾಡಿ ನಿಂದಾ?" ಅಂತ ನನ್ನನ್ನು ಕೇಳಿದ.

"ನೊಗ ನೋಡ್ಲಿಲ್ವೇನ್ಲಾ?"

ಆಗ ರಿಸೀವರ್ ಬಾಯಿಗೆ ಹೊಸ ಮಾತು ಬಂತು. "ಕೊಡ್ತೀನಯ್ಯ... ಹೊಸ ಕಾಂಟ್ರಾಕ್ಟ್ ಮಾಡೋಣ..."

"ಹೊಸದು ಬ್ಯಾಡ. ಹಳೇದು ಒಪ್ಕಳಿ. ವಹಾಬನ ಮನೆಯೋಳ ದುಡ್ಡು ಈಗ್ಲೇ ಕೊಡಿ."

ರಿಸೀವರ್ ಸೊಂಟದ ಚೀಲ ಬಿಚ್ಚಿ ಎಣಿಸಿ ಕೊಟ್ಟರು. ದುಡ್ಡು ಒಳಗಿಟ್ಟು, ವಸ್ತ್ರವನ್ನು ನೊಗಕ್ಕೆ ಬಿಗಿದು, ಕೋವಿ ಎತ್ತಿದೆ.

ಹುಚ್ಚಯ್ಯ ಹಲ್ಲು ಕಿರಿದ. "ವಹಾಬ್ ಇಲ್ಲ. ಒಬ್ನೇ ಇದ್ದೀಯ ಕಣ್ಲಾ."

"ಒಬ್ನೇ. ಮೊದ್ಲು ಬರೋನ್ಯಾರು?"

ಅವನು ತನ್ನವರ ಮುಖ ನೋಡಿದ. ಅವರು ಅವನ ಮುಖ ನೋಡಿದರು. ಮಚ್ಚು ಕೆಳಗಿಳಿಯಿತು. ಪೊದೆ ಅವರನ್ನು ವಾಪಸ್ ನುಂಗಿತು.

ಕ್ಲೋಸ್‌ಪೇಟೆ ಸ್ಟೇಷನ್ನಿನಲ್ಲಿ ರೇಷ್ಮೆ ಇಳಿಯಿತು. ಪೊಲೀಸಿನವನ ಪಕ್ಕ ನಿಂತ ಕೂಡಲೇ ರಿಸೀವರ್ ಎದೆ ಸೆಟೆಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು?

"ಬೆದರಿಸಿ ವಸೂಲು ಮಾಡಿದ್ದೀಯ. ಆ ಒಪ್ಪಿಗೆ ಕಾನೂನಿನಲ್ಲಿ ನಿಲ್ಲಲ್ಲ. ಕೇಸು ಹಾಕ್ತೀನಿ."

"ಹಾಕಿ ಸ್ವಾಮಿ," ಅಂದು ನೊಗದ ವಸ್ತ್ರ ಬಿಚ್ಚತೊಡಗಿದೆ.

ರಿಸೀವರ್ ನನ್ನ ಕೈ ನೋಡಿದರು. ಬಂದ ದಾರಿ ನೋಡಿದರು. ಆಮೇಲೆ ಆಸೆಯಿಂದ ರೈಲು ಹಳಿಯ ಕಡೆ ನೋಡಿದರು.

ಅವರ ಆಫೀಸಿರುವುದು ಕನಕಪುರದಲ್ಲಿ. ಕನಕಪುರಕ್ಕೆ ರೈಲಿಲ್ಲ.