ಬೆಳಕಿನ ಜಿಪುಣ

ಹಗ್ಗದವನ ಲೆಕ್ಕದಲ್ಲಿ ಗುಹೆಯೊಳಗೆ ಪ್ರತಿಯೊಂದಕ್ಕೂ ಬೆಲೆಯಿತ್ತು, ಆ ಬೆಲೆಯನ್ನು ಬೆಳಕಿನಲ್ಲೇ ತೆರಬೇಕಿತ್ತು. ಕೊರಕಲಿಗೆ ಇಳಿಯಲು ಹಣೆಯ ದೀಪದ ಅರ್ಧ ಬ್ಯಾಟರಿ. ಹೊಟ್ಟೆಯ ಮೇಲೆ ತೆವಳುವ ಸುರಂಗಕ್ಕೆ ಇನ್ನರ್ಧ. ಬಂಡೆ ಎತ್ತಲು ಒಂದು, ಗಾಯಾಳುವನ್ನು ಎಳೆದು ತರಲು ಇನ್ನೊಂದು. ಅವನ ಚೀಲದಲ್ಲಿದ್ದದ್ದು ಎರಡೇ.

ಒಳಗೆ ಸಿಕ್ಕಿಕೊಂಡವನು ಅವನ ಒಡಹುಟ್ಟಿದ ತಮ್ಮ. ಬೆಟ್ಟದೊಳಗಿನ ನೀರಿನ ದಾರಿ ಅಳೆಯಲು ಹೋದವನ ಕಾಲಿನ ಮೇಲೆ ಬಂಡೆ ಜಾರಿ ಕೂತಿತ್ತು. ಮೇಲೆ ಮಳೆ, ಒಳಗೆ ನೀರು ಏರುತ್ತಿತ್ತು. ಸಂಜೆಯೊಳಗೆ ಅವನನ್ನು ಬಿಡಿಸದಿದ್ದರೆ ನೀರೇ ಬಿಡಿಸುತ್ತಿತ್ತು.

ಇಕ್ಕಟ್ಟಿನಲ್ಲಿ ಬಂಡೆ ಎತ್ತುವ ಕೆಲಸಕ್ಕೆ ಬಂದವರು ಕಲ್ಲು ಕ್ವಾರಿಯ ಗಂಡ ಹೆಂಡತಿ. ಇಬ್ಬರಿಗೂ ಹುಟ್ಟಿನಿಂದ ಕಿವಿ ಕೇಳದು. ಗಂಡನ ತಾಯಿಗೆ ಮಾತ್ರ ಕೇಳುತ್ತಿತ್ತು. ಗುಹೆಯ ಬಾಯಲ್ಲಿ ಕೂತು ಆಕೆಯೇ ಹಗ್ಗದವನಿಗೆ ಕೈಮಾತು ಕಲಿಸಿದಳು: ಎತ್ತು, ಇಳಿಸು, ನಿಲ್ಲು, ಎಳೆ. ಅವನು ಗಂಟು ಬಿಗಿಯುತ್ತಲೇ ಹೂಂ ಹೂಂ ಎಂದ. ನನಗೆ ಹಗ್ಗ ಗೊತ್ತಿದ್ದರೆ ಸಾಕಮ್ಮ, ಇದೆಲ್ಲ ಯಾಕೆ ಎಂದೂ ಅಂದ.

"ಅವರಿಗೆ ಕಣ್ಣೇ ಕಿವಿ ಕಣಪ್ಪ. ಕೈ ಮೇಲೆ ಬೆಳಕು ಬೀಳ್ತಿರಬೇಕು, ಅಷ್ಟೇ," ಎಂದಳು ಮುದುಕಿ.

ಅಷ್ಟರಲ್ಲಿ ಸೊಸೆ ಎರಡೂ ಕೈಯ ತೋರುಬೆರಳನ್ನು ಹುರಿಯಂತೆ ಹೊಸೆದು ಅವನತ್ತ ತೋರಿಸಿದಳು. ಗಂಡ ತಲೆಯಾಡಿಸಿದ.

"ಹಗ್ಗ ಅಂತ," ಎಂದಳು ಮುದುಕಿ. "ನಿನಗೆ ಹೆಸರಿಟ್ರು. ಹೆಸರಿಟ್ರು ಅಂದ್ರೆ ಹಂಗಿಸಿದ್ರು ಅಂತಲ್ಲ ಮತ್ತೆ. ನಮ್ಮಲ್ಲಿ ನಂಬಿದವರಿಗೇ ಹೆಸರಿಡೋದು."

ಇಳಿದರು. ಕೊರಕಲು ದಾಟಿ ಸುರಂಗಕ್ಕೆ ನುಗ್ಗಿದರು. ಕಲ್ಲು ಬೆನ್ನನ್ನು ತರಿಯಿತು, ಕೆಸರು ಬಾಯಿಗೆ ಬಂತು. ಹಗ್ಗದವನು ಮುಂದೆ, ಭಾರ ಎತ್ತುವ ಜಾಕಿ ಎಳೆದುಕೊಂಡು ಗಂಡ ಹಿಂದೆ, ಬೆಣೆಗಳ ಮೂಟೆಯೊಂದಿಗೆ ಹೆಂಡತಿ ಕೊನೆಗೆ.

ಸುರಂಗ ಕೊನೆಗೆ ಅವರನ್ನು ಒಂದು ದೊಡ್ಡ ಕೋಣೆಗೆ ಉಗುಳಿತು. ಎತ್ತರದ ಸೀಳಿನಿಂದ ನೀರು ಕಂಬದಂತೆ ನಿಂತು ಸುರಿಯುತ್ತಿತ್ತು. ಗೋಡೆಗಳು ಒದ್ದೆಯಾಗಿ ಮಿನುಗುತ್ತಿದ್ದವು, ಚಾವಣಿ ದೀಪಕ್ಕೆ ಎಟುಕದಷ್ಟು ಮೇಲಿತ್ತು. ಆ ಮೊರೆತದಲ್ಲಿ ತಮ್ಮನನ್ನು ಕೂಗಿದರೆ ಹಗ್ಗದವನಿಗೆ ತನ್ನ ದನಿಯೇ ಕೇಳಲಿಲ್ಲ. ಇಲ್ಲಿ ಕಿವುಡನಾದವನು ಅವನೊಬ್ಬನೇ. ಅವರಿಬ್ಬರು ಅಂಗಳದಲ್ಲಿ ನಿಂತವರಂತೆ ಮಾತಾಡುತ್ತಿದ್ದರು. ಹೆಂಡತಿ ಏನೋ ಅಂದಳು, ಗಂಡನ ಭುಜ ನಗುವಿಗೆ ಕುಲುಕಿತು. ತನ್ನ ತಮ್ಮ ಸಾಯುತ್ತಿರುವಾಗ ಇದೆಂಥ ನಗು ಎಂದು ಇವನಿಗೆ ಮೈ ಉರಿಯಿತು.

ತಮ್ಮ ಎದೆಯುದ್ದ ನೀರಲ್ಲಿದ್ದ. ತುಟಿ ನೀಲಿಗಟ್ಟಿತ್ತು.

ಗಂಡ ಜಾಕಿ ಹಿಡಿದು ಬಂಡೆಯ ಆಚೆ ಬದಿಗೆ ತೂರಿದ. ಅಲ್ಲಿಂದ ಒಂದು ಬಿರುಕಿನಲ್ಲಿ ಅವನಿಗೆ ಕಾಣುತ್ತಿದ್ದದ್ದು ಹೆಂಡತಿಯ ಎಡಗೈ ಮಾತ್ರ. ಅವಳ ಹಣೆಯ ದೀಪ ಬೆಣೆಯ ಮೇಲೆ, ಅವನದು ಜಾಕಿಯ ಮೇಲೆ. ಹೆಂಡತಿ ಹಗ್ಗದವನ ಗದ್ದ ಹಿಡಿದು ಅವನ ದೀಪವನ್ನು ತನ್ನ ಎಡಗೈಯ ಮೇಲೆ ತಿರುಗಿಸಿದಳು. ಅವನ ಕಣ್ಣು ಬೇರೆಡೆ ಹೋದಾಗ ಮತ್ತೆ ತಿರುಗಿಸಿದಳು.

ಎತ್ತು. ಬಂಡೆ ಕದಲಿತು. ಅವಳ ಬಲಗೈ ಬೆಣೆ ತುರುಕಿತು.

ಇಳಿಸು. ಭಾರ ಬೆಣೆಯ ಮೇಲೆ ಕೂತಿತು.

ಹೀಗೆಯೇ ಕೆಲಸ ಸಾಗಿತು. ಹಗ್ಗದವನ ಬೆಳಕು ಮಂಕಾಗತೊಡಗಿತು. ವಾಪಸಿಗೆ ಬೇಕಲ್ಲ ಎಂದು ಅವನು ಮತ್ತೆ ಲೆಕ್ಕ ಹಾಕಿದ. ಅವಳು ಮತ್ತೆ ಇಳಿಸು ಎಂದಳು. ಮಾತು ಮುಗಿಯಿತಲ್ಲ, ಮುಂದಿನ ಮಾತಿನವರೆಗೆ ಬೆಳಕು ಯಾಕೆ?

ಹಣೆಗೆ ಹೆಬ್ಬೆರಳು ಒತ್ತಿ ದೀಪ ಆರಿಸಿದ.

ಅದೇ ಗಳಿಗೆಯಲ್ಲಿ ಬೆಣೆ ಜಾರಿತು. ಸರಿಪಡಿಸಲು ಅವಳು ಬಲಗೈ ಒಳಕ್ಕೆ ಹಾಕಿ, ಎಡಗೈಯಿಂದ ನಿಲ್ಲು ಎಂದಳು. ನಿಲ್ಲು, ನಿಲ್ಲು. ಕತ್ತಲಲ್ಲಿ ಅದು ಯಾರಿಗೂ ಕೇಳಲಿಲ್ಲ. ಗಂಡ ಕಂಡಿದ್ದ ಕೊನೆಯ ಮಾತು ಇಳಿಸು. ಅವನು ಇಳಿಸಿದ.

ಬೆಣೆಯ ಮೇಲಿನ ಬೆಳಕಿನಲ್ಲಿ ಹಗ್ಗದವನಿಗೆ ಕಂಡದ್ದು ಅವಳ ತೆರೆದ ಬಾಯಿ. ದೀಪ ಹೊತ್ತಿಸಿದ. ಎಡಗೈ ಎತ್ತು ಎನ್ನುತ್ತಿತ್ತು.

ಬಂಡೆ ಎದ್ದಿತು, ಕೈ ಹೊರಬಂತು. ಗಂಡ ಸುತ್ತಿ ಬಂದು ಆ ಕೈ ನೋಡಿದ. ಆಮೇಲೆ ಹಗ್ಗದವನ ಹಣೆ ನೋಡಿದ. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಅಂಗಿ ಹರಿದು ಕೈ ಕಟ್ಟಿದ. ಅವಳು ತಮ್ಮನತ್ತ ತಿರುಗಿ ಎಡಗೈಯಲ್ಲಿ ಅಂದಳು: ಎಳೆ.

ಎಳೆದರು. ತಮ್ಮನ ಕಾಲು ಹೊರಬಂತು.

ವಾಪಸು ದಾರಿಯಲ್ಲಿ ಗಂಡ ಮುಂದಿನಿಂದ ಹಗ್ಗ ಎಳೆದ. ತಮ್ಮ ನಡುವೆ, ಅವನನ್ನು ಹೆಗಲಿನಿಂದ ನೂಕುತ್ತ ಅವಳು, ಕೊನೆಯಲ್ಲಿ ಹಗ್ಗದವನು. ಅವನ ಎರಡನೆಯ ಬ್ಯಾಟರಿಯ ಬೆಳಕೂ ಕೆಂಪಾಗುವುದನ್ನು ಕಂಡು ಗಂಡ ಜೇಬಿನಿಂದ ಪ್ಲಾಸ್ಟಿಕ್ ಸುತ್ತಿದ ಹೊಸದೊಂದನ್ನು ತೆಗೆದು ಹಿಂದಕ್ಕೆ ದಾಟಿಸಿದ. ಇನ್ನೊಂದು ಅವನ ಜೇಬಿನಲ್ಲೇ ಇತ್ತು. ಬೆಳಕೇ ನಾಲಿಗೆಯಾದವರು ಅದನ್ನು ಮರೆತು ಹೊರಡುತ್ತಾರೆಯೇ? ಕೇಳಿದ್ದರೆ ಆಗಲೇ ಕೊಡುತ್ತಿದ್ದ. ಕೇಳುವ ಕೈಮಾತನ್ನು ಇವನು ಕಲಿತೇ ಇರಲಿಲ್ಲ.

ಸುರಂಗದ ನಡುವೆ ನೋವಿಗೆ ತಮ್ಮ ಚೀರಿದ. ಹಗ್ಗದವನು ಬೇಗ ಬೇಗ ಎಂದು ಅವಳ ಕಾಲು ತಟ್ಟಿದ. ಅವಳು ನಿಲ್ಲು ಎಂದಳು. ಕಿವಿಗೆ ಬೀಳದ ಚೀರಾಟವನ್ನು ಅಂಗೈಯಲ್ಲಿ ಹಿಡಿಯುವಂತೆ ತಮ್ಮನ ಎದೆಯ ಮೇಲೆ ಎಡಗೈ ಇಟ್ಟು, ಉಸಿರು ಹದಕ್ಕೆ ಬರುವವರೆಗೂ ಕಾದಳು. ಅವಳ ಬಲಗೈಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಹಗ್ಗದವನೂ ಕಾದ. ಅಲ್ಲಿಂದಾಚೆಗೆ ಅವನು ಬೆಳಕನ್ನು ಆ ಎಡಗೈ ಬಿಟ್ಟು ಕದಲಿಸಲಿಲ್ಲ. ತನ್ನ ಮೊಣಕಾಲು ಕಾಣದ ಕಲ್ಲಿಗೆ ಜಜ್ಜಿದರೂ ಕದಲಿಸಲಿಲ್ಲ.

ಹೊರಗೆ ಇನ್ನೂ ಬೆಳಕಿತ್ತು. ಜನ ಚಪ್ಪಾಳೆ ತಟ್ಟಿದರು. ಮುದುಕಿ ಸೊಸೆಯ ಕೈ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ತಮ್ಮ ಊರುಗೋಲು ಹಿಡಿದು ಓಡಾಡುವಂತಾದ ಮೇಲೆ ಅಣ್ಣತಮ್ಮ ಕ್ವಾರಿಯ ಪಕ್ಕದ ಆ ಮನೆಗೆ ಹೋದರು. ಅವಳು ಎಡಗೈಯಲ್ಲಿ ಲೋಟ ತಂದಿಟ್ಟಳು. ತಮ್ಮನನ್ನು ಕಂಡು ಎದೆಯ ಮೇಲೆ ಅಂಗೈ ಇಟ್ಟಳು. ಅದು ಅವನ ಹೆಸರಂತೆ. ಹಗ್ಗದವನನ್ನು ಕಂಡು ಹೆಬ್ಬೆರಳನ್ನು ಹಣೆಗೆ ಒತ್ತಿ, ಮುಷ್ಟಿ ಮುಚ್ಚಿದಳು.

ಅವನಿಗೆ ಅರ್ಥವಾಯಿತು. ಆದರೂ ಮುದುಕಿಯನ್ನು ಕೇಳಿದ, "ಬೆರಳಿಲ್ಲ ಅಂತ ಹಗ್ಗ ಅನ್ನೋಕೆ ಆಗಲ್ವೇನಮ್ಮ?"

"ನನ್ನ ಮಗನಿಗೆ ಹತ್ತೂ ಬೆರಳಿದೆಯಪ್ಪ. ಅವನೂ ನಿನಗೆ ಹಾಗೇ ಅನ್ನೋದು."

ಇನ್ನೊಮ್ಮೆ ಕರೆದರೆ ಬರುತ್ತಾರಾ ಎಂದು ಕೇಳಿದ. ಮುದುಕಿ ಕೈಮಾತಿನಲ್ಲಿ ಕೇಳಿದಳು. ಇಬ್ಬರೂ ತಡಮಾಡದೆ ತಲೆಯಾಡಿಸಿದರು.

"ಬರ್ತಾರಂತೆ. ಒಳಗೆ ಸಿಕ್ಕೊಂಡವರು ಏನು ತಪ್ಪು ಮಾಡಿದ್ರು? ಆದ್ರೆ ದೀಪ ಬೇರೆಯವರು ಹಿಡೀಬೇಕಂತೆ."

ತಮ್ಮ ಉಳಿದ. ಅವಳ ಬಲಗೈಯ ಮೂರು ಬೆರಳು ಹೋದವು, ಅವುಗಳ ಜೊತೆ ಅರ್ಧ ಮಾತು. ಹಗ್ಗ ಅನ್ನುವ ಹೆಸರೂ ಹೋಯಿತು.