ನಲವತ್ತೊಂದನೆಯ ಚಾವಟಿಯ ಕೊನೆಯ ಗಂಟು

ನಕ್ಷೆ ಬರೆಯುವವರು ಹುಟ್ಟುವುದಕ್ಕೂ ಎಷ್ಟೋ ಕಾಲ ಮುಂಚೆ, ಹದಿನಾರು ಗುಡ್ಡಗಳ ಒಂದು ರಾಜ್ಯವಿತ್ತು. ಅದರ ಕೊಟ್ಟಕೊನೆಯ ಗುಡ್ಡದ ಮೇಲೊಂದು ಕಾವಲು ಗೋಪುರ. ಗೋಪುರದಲ್ಲಿ ಚೆನ್ನಿಗ. ಶತ್ರು ಬಂದರೆ ಬೆಂಕಿ ಹಚ್ಚು ಎಂದು ಹೇಳಿ ರಾಜ ಅವನನ್ನು ಅಲ್ಲಿ ಬಿಟ್ಟು ಎಂಟು ವರ್ಷವಾಗಿತ್ತು. ಶತ್ರುಗಳೇನು ದಡ್ಡರೇ? ಅಂಥ ಒಣಗುಡ್ಡವನ್ನು ಯಾರು ಹತ್ತುತ್ತಾರೆ! ಎದುರಿನ ಹದಿನೈದನೆಯ ಗುಡ್ಡದ ಮೇಲೂ ಒಂದು ಗೋಪುರವಿತ್ತು. ಅದರಲ್ಲಿ ಯಾರೂ ಇರಲಿಲ್ಲ. ತಿಂಗಳಿಗೊಮ್ಮೆ ಒಂದು ಹೇಸರಗತ್ತೆ ತಾನಾಗಿಯೇ ಅಕ್ಕಿ ಬೇಳೆ ಹೊತ್ತು ಬಂದು, ತಾನಾಗಿಯೇ ಇಳಿದು ಹೋಗುತ್ತಿತ್ತು.

ಎಂಟು ವರ್ಷ ಕೈಕಟ್ಟಿ ಕೂರಲಾಗುತ್ತದೆಯೇ? ಚೆನ್ನಿಗ ಚಾವಟಿ ಹೆಣೆಯುತ್ತಿದ್ದ. ಹೊಡೆಯಲು ಅವನಿಗೆ ಎತ್ತಿರಲಿಲ್ಲ, ಕುದುರೆಯಿರಲಿಲ್ಲ. ಇದ್ದಿದ್ದರೂ ಹೊಡೆಯುವ ಪೈಕಿಯಲ್ಲ. ಆಡಿನ ತೊಗಲನ್ನು ಉದ್ದುದ್ದ ಬಾರುಗಳಾಗಿ ಸೀಳಿ, ಅಂಚು ಹೆರೆದು, ನೆನೆಸಿ, ಹನ್ನೆರಡು ಎಳೆಯಲ್ಲಿ ಹೆಣಿಗೆ ಶುರುಮಾಡುವನು. ತುದಿಯ ಕಡೆಗೆ ಹೋದಂತೆ ಒಂದೊಂದೇ ಎಳೆಯನ್ನು ಹೊರಗಿಂದ ಬಿಟ್ಟು ಹೆಣಿಗೆಯ ಹೊಟ್ಟೆಯೊಳಗೆ ಸೇರಿಸುವನು. ಹನ್ನೆರಡು ಎಂಟಾಗಿ, ಎಂಟು ನಾಲ್ಕಾಗಿ, ಚಾವಟಿ ಹಾವಿನ ಬಾಲದಂತೆ ಸಪೂರವಾಗುವುದು. ಆಮೇಲೆ ಎರಡು ಹಲಗೆಗಳ ನಡುವೆ ಹೊರಳಿಸಿ, ಹರಳೆಣ್ಣೆ ತಿಕ್ಕಿ, ರೇಷ್ಮೆಯ ಕುಚ್ಚನ್ನು ತುದಿಗೆ ಸೇರಿಸಿ ಗಂಟು ಹಾಕಿದರೆ ಮುಗಿಯಿತು.

ಆ ಕೊನೆಯ ಗಂಟಿನಲ್ಲೇ ತೊಡಕು. ಕೆಲಸ ಕಲಿಸಿದ ಸೋದರತ್ತೆ ನೀಲವ್ವ ಕಟ್ಟಪ್ಪಣೆ ಮಾಡಿದ್ದಳು: “ಕೊನೇ ಗಂಟನ್ನ ಇಬ್ಬರು ಬಿಗೀಬೇಕು ಕಣೋ. ಒಂದು ತುದಿ ನೀನು ಹಿಡಿ, ಇನ್ನೊಂದನ್ನ ಇನ್ನೊಬ್ಬರ ಕೈಗೆ ಕೊಡು. ಜಗ್ಗಾಡಿದರೇನೇ ಅದು ಕೂರೋದು.”

ಗೋಪುರದಲ್ಲಿ ಇನ್ನೊಬ್ಬರು ಎಲ್ಲಿಂದ ಬರಬೇಕು? ಚೆನ್ನಿಗ ಬಾಗಿಲ ಕಂಬಕ್ಕೆ ಕಟ್ಟಿ ಬಿಗಿಯುತ್ತಿದ್ದ. ಹಾಗೆ ನಲವತ್ತು ಚಾವಟಿ ಮುಗಿಸಿ ಗೋಡೆಗೆ ತೂಗುಹಾಕಿದ್ದ. ನಲವತ್ತೊಂದನೆಯದು ಎಲ್ಲಕ್ಕಿಂತ ಚಂದ ಬಂತು. ಅದನ್ನು ಕಂಬಕ್ಕೆ ಕಟ್ಟಲು ಮನಸ್ಸಾಗಲಿಲ್ಲ. ಯಾರಾದರೂ ಬರಲಿ ಎಂದು ಗಂಟು ಸಡಿಲ ಬಿಟ್ಟು ಎರಡು ವರ್ಷ ಕಾದ. ಹೇಸರಗತ್ತೆ ಬಂತು. ಅದಕ್ಕೆ ಕೈಯಿರಲಿಲ್ಲ.

ಬೆಳಗಾದರೆ ಅವನು ಗೋಪುರದ ಅಂಚಿಗೆ ನಿಂತು ಗಾಳಿಗೆ ಒಂದು ಏಟು ಬೀಸುವನು. ಛಟೀರ್! ಎದುರಿನ ಗುಡ್ಡ ಅದನ್ನೇ ತಿರುಗಿ ಹೇಳುವುದು: ಛಟೀರ್! ಎಂಟು ವರ್ಷದಲ್ಲಿ ಅವನಿಗೆ ಉತ್ತರ ಕೊಟ್ಟದ್ದು ಅದೊಂದೇ.

ಒಂದು ಬೆಳಗ್ಗೆ ಉತ್ತರ ಬರಲಿಲ್ಲ. ಏಟಿನ ಸದ್ದು ಒದ್ದೆ ಬಟ್ಟೆಯಂತೆ ಅವನ ಕಾಲ ಬಳಿಯೇ ಬಿತ್ತು. ಚಾವಟಿಯದೇ ದೋಷವಿರಬೇಕೆಂದು ನಲವತ್ತನ್ನೂ ಬೀಸಿ ನೋಡಿದ. ಗುಡ್ಡ ಬಾಯಿ ಬಿಡಲಿಲ್ಲ. ಅಂದು ಅವನಿಗೆ ಊಟ ಸೇರಲಿಲ್ಲ. ಎರಡು ಚಾವಟಿಯನ್ನು ಸೊಂಟಕ್ಕೆ ಸುತ್ತಿ, ಮುಗಿಯದ ನಲವತ್ತೊಂದನೆಯದನ್ನು ಹೆಗಲಿಗೆ ಹಾಕಿ, ಎಂಟು ವರ್ಷದ ಮೇಲೆ ಮೊದಲ ಸಲ ಗುಡ್ಡ ಇಳಿದ.

ಕೆಳಗಿನ ಊರಲ್ಲಿ ಒಬ್ಬ ತಾಯಿ ಹೊಸ್ತಿಲಲ್ಲಿ ನಿಂತು ಕೂಗುತ್ತಿದ್ದಳು. ಹತ್ತು ಹೆಜ್ಜೆ ಆಚೆ ಮಗಳು ಆಡುತ್ತಿದ್ದಳು. ತಿರುಗಿ ಕೂಡ ನೋಡಲಿಲ್ಲ. ಬಾವಿಕಟ್ಟೆಯಲ್ಲಿ ಕೂತಿದ್ದ ಮುದುಕಿ ಚೆನ್ನಿಗನಿಗೆ ಕೈಸನ್ನೆ ಮಾಡಿ ಹತ್ತಿರ ಕರೆದಳು.

“ಇಲ್ಲಿ ಬಂದು ಮಾತಾಡಪ್ಪ. ಎರಡು ಮಾರಿನಾಚೆ ಯಾರ ದನಿಯೂ ಯಾರಿಗೂ ಕೇಳಲ್ಲ ಈಗ. ಬಿಂಗಾಲ ಅಂತ ಒಬ್ಬ ಮಾಂತ್ರಿಕ, ಹದಿಮೂರನೇ ಗುಡ್ಡದ ಗವೀಲಿ ಮಡಕೆ ಜೋಡಿಸ್ಕೊಂಡು ಕೂತವ್ನೆ. ನಾವು ಕೂಗಿದ್ದೆಲ್ಲ ಅದರೊಳಗೇ ಹೋಗಿ ಬೀಳ್ತದೆ.”

“ರಾಜರು ಸೈನ್ಯ ಕಳಿಸಲಿಲ್ವಾ ಅಜ್ಜಿ?”

“ಕಳಿಸದೇನೆ? ಸೇನಾಪತಿ ‘ನುಗ್ಗಿ’ ಅಂದ. ಪಕ್ಕದ ಇಬ್ಬರಿಗೆ ಮಾತ್ರ ಕೇಳಿಸ್ತು. ಇಬ್ಬರೇ ನುಗ್ಗಿದ್ರು.” ಮುದುಕಿ ಅವನ ಚಾವಟಿಗಳನ್ನು ದಿಟ್ಟಿಸಿದಳು. “ನಿಂದೇನು ಹೋಗಿದೆ ಅಲ್ಲಿಗೆ? ಹೆಂಡತಿ ದನಿಯಾ?”

“ಅಲ್ಲಜ್ಜಿ. ಒಂದು ಗುಡ್ಡದ್ದು.”

ಮುದುಕಿ ತನ್ನ ಬುತ್ತಿ ಬಿಚ್ಚಿದಳು. ಎರಡು ರೊಟ್ಟಿ ಕಟ್ಟಿಕೊಟ್ಟಳು.

ಹದಿನಾಲ್ಕನೆಯ ಗುಡ್ಡದಾಚೆ ತಳ ಕಾಣದ ಕೊರಕಲು ಬಾಯಿ ತೆರೆದಿತ್ತು. ಸೇತುವೆಯಿಲ್ಲ. ಆಚೆ ದಡದಿಂದ ಒಂದು ಅತ್ತಿಮರ ಕೊಂಬೆ ಚಾಚಿತ್ತು. ಚೆನ್ನಿಗ ಮೊದಲನೆಯ ಚಾವಟಿ ಬೀಸಿ ಕೊಂಬೆಗೆ ಸುತ್ತಿಸಿ, ಕಣ್ಣು ಮುಚ್ಚಿ ಜೀಕಿದ. ನಡುದಾರಿಯಲ್ಲಿ ತುದಿಯ ಗಂಟು ಜಾರತೊಡಗಿತು. ಆಚೆ ದಡದಲ್ಲಿ ಮೊಣಕಾಲೂರಿ ಬೀಳುವುದಕ್ಕೂ ಗಂಟು ಪೂರಾ ಕಳಚುವುದಕ್ಕೂ ಸರಿಹೋಯಿತು. ಚಾವಟಿ ಕೊರಕಲಿಗೆ ಬಿತ್ತು. ಕಂಬ ಕೈಯಾಗುತ್ತದೆಯೇ ಎಂದು ನೀಲವ್ವ ಗೊಣಗಿದಂತಾಯಿತು.

ಹದಿಮೂರನೆಯ ಗುಡ್ಡದ ಬುಡದಲ್ಲಿ ಕಲ್ಲಿನ ಗೂಳಿಯೊಂದು ದಾರಿಗೆ ಅಡ್ಡ ನಿಂತಿತ್ತು. ಅದರ ಸುತ್ತ ಕೋಲು ಎತ್ತಿದ ಭಂಗಿಯಲ್ಲೇ ಕಲ್ಲಾದ ಜನ. ಇಬ್ಬರು ಸೈನಿಕರೂ ಅಲ್ಲಿದ್ದರು.

“ಚಾವಟಿ ಇದೆಯಲ್ಲ, ಹೊಡೆ,” ಎಂದಿತು ಗೂಳಿ. “ಎಲ್ಲರೂ ಹೊಡೆದೇ ಕಲ್ಲಾದದ್ದು.”

“ನಾನು ಯಾರಿಗೂ ಹೊಡೆದವನಲ್ಲ. ನಿನ್ನ ಬೆನ್ನ ಮೇಲೆ ಅದೇನು?”

“ನೊಣ,” ಎಂದಿತು ಗೂಳಿ, ಧ್ವನಿ ಇಳಿಸಿ. “ನೂರು ವರ್ಷದಿಂದ ಕಚ್ಚುತ್ತಿದೆ. ಬಾಲ ಅಲ್ಲಿಗೆ ಎಟುಕಲ್ಲ. ಯಾರೂ ಕೇಳಲೂ ಇಲ್ಲ.”

ಚೆನ್ನಿಗ ಎರಡನೆಯ ಚಾವಟಿ ಬೀಸಿದ. ಕುಚ್ಚು ಗೂಳಿಯ ಚರ್ಮಕ್ಕೆ ತಾಗದೆ ನೊಣವನ್ನಷ್ಟೇ ಎತ್ತಿ ಒಯ್ದಿತು. ಗಂಟು ಕಳಚಿ, ಕುಚ್ಚು ನೊಣದ ಜತೆಗೇ ಹಾರಿಯೂ ಹೋಯಿತು. ಕಂಬ ಕೈಯಾಗುತ್ತದೆಯೇ! ಗೂಳಿ ನೂರು ವರ್ಷದ ಉಸಿರು ಬಿಟ್ಟು ಪಕ್ಕಕ್ಕೆ ಸರಿಯಿತು.

ಗವಿಯ ತುಂಬ ಮಡಕೆ. ಬಾಯಿಗೆ ಬಟ್ಟೆ ಕಟ್ಟಿದ ಸಾವಿರಾರು ಮಡಕೆಗಳ ನಡುವೆ ಬಿಂಗಾಲ ಕೂತಿದ್ದ. ಮೈಯೆಲ್ಲ ಬೂದಿ, ಮೊರದಗಲ ಕಿವಿ. ಒಂದು ಮಡಕೆಗೆ ಕಿವಿ ಆನಿಸಿ, “ಅಪ್ಪಾ, ಊಟಕ್ಕೆ ಬಾ” ಎಂಬ ಯಾರದೋ ಕೂಗನ್ನು ಕೇಳುತ್ತಿದ್ದ.

“ಬಂದ್ಯಾ ಕಾವಲುಗಾರ? ನಿನ್ನ ಗುಡ್ಡ ಅಗೋ, ಆ ಮೂಲೆಯ ಮಡಕೇಲಿ. ದಿನಾ ಒಂದೇ ಸದ್ದು. ಬೇಜಾರಿನ ಮನುಷ್ಯ ನೀನು.”

“ಯಾಕೆ ಕದ್ದೆ?”

“ಕೂಗು ಅಂದಮೇಲೆ ಅದು ಯಾರಿಗೋ ಇರ್ತದೆ. ನನಗೆ ಅಂತ ಒಂದೂ ಬರಲಿಲ್ಲ. ಎಲ್ಲಾ ತಗೊಂಡೆ. ಒಂದು ಪಂದ್ಯ ಇಡೋಣ. ಆ ಹೆಗಲ ಮೇಲಿನದನ್ನ ಬೀಸು. ಸದ್ದು ಎರಡು ಮಾರು ದಾಟಿದರೆ ಎಲ್ಲಾ ನಿಂದು. ದಾಟದಿದ್ದರೆ ನಿನ್ನ ದನಿಯೂ ಮಡಕೆಗೆ.”

ಚೆನ್ನಿಗ ಹೆಗಲಿನಿಂದ ಚಾವಟಿ ಇಳಿಸಿದ. ದನಿ ಹೋದರೆ ಹೋಗಲಿ, ಅದನ್ನು ಕೇಳಲು ಅವನಿಗಾದರೂ ಯಾರಿದ್ದರು? ಆದರೆ ಈ ಚಾವಟಿ ಅರೆಬರೆಯಾಗಿ ಉಳಿಯುವುದು ಮಾತ್ರ ಅವನಿಂದ ಸಹಿಸಲಾಗಲಿಲ್ಲ.

“ಇದಿನ್ನೂ ಮುಗಿದಿಲ್ಲ. ಕೊನೇ ಗಂಟಿಗೆ ಇಬ್ಬರು ಬೇಕು. ಈ ತುದಿ ಹಿಡ್ಕೊ.”

ಬಿಂಗಾಲ ಹಿಂದೆ ತಿರುಗಿ ನೋಡಿದ. “ಯಾರಿಗೆ ಹೇಳ್ತಿದ್ದೀ?”

“ನಿನಗೇ ಮಾರಾಯ. ಇಲ್ಲಿ ಇನ್ಯಾರಿದ್ದಾರೆ?”

ಮಾಂತ್ರಿಕ ಎದ್ದು ಬಂದ. ಬೂದಿಗೈಯನ್ನು ಪಂಚೆಗೆ ಒರೆಸಿಕೊಂಡು ಕುಚ್ಚು ಹಿಡಿದ.

“ಜಗ್ಗು. ಇನ್ನೂ. ಅನ್ನ ತಿಂದಿಲ್ವಾ? ಜಗ್ಗು!”

ಅವನು ಇತ್ತ ಎಳೆದ, ಇವನು ಅತ್ತ ಎಳೆದ. ಎರಡು ವರ್ಷ ಕಾದ ಗಂಟು ಕಿರ್ರೆಂದು ಕೂತಿತು. ಚೆನ್ನಿಗ ಎರಡು ಹೆಜ್ಜೆ ಹಿಂದೆ ಸರಿದು ಬೀಸಿದ.

ಛಟೀರ್!

ಬಿಂಗಾಲ ಖಾಲಿ ಮಡಕೆಯೊಡ್ಡಿದ. ಸದ್ದು ಒಳಗೆ ಹೋಗಲಿಲ್ಲ. ತನ್ನದನ್ನು ತಾನೇ ಕದಿಯಲು ಯಾವ ಮಾಂತ್ರಿಕನಿಗೂ ಬರುವುದಿಲ್ಲ. ಆ ಏಟಿನಲ್ಲಿ ಅರ್ಧ ಬಿಂಗಾಲನ ಕೈಯದಾಗಿತ್ತು. ಸದ್ದು ಎರಡು ಮಾರು ದಾಟಿತು, ಗವಿಯ ಗೋಡೆಗೆ ಬಡಿಯಿತು, ಸಾವಿರಾರು ಮಡಕೆ ಒಮ್ಮೆಗೇ ಒಡೆದವು. ಕೂಗು, ಜೋಗುಳ, ಬೈಗುಳ, ನಗು ಎಲ್ಲವೂ ಹಕ್ಕಿಹಿಂಡಿನಂತೆ ಗವಿಯಿಂದ ಹಾರಿ ತಮ್ಮ ತಮ್ಮ ಊರು ಸೇರಿದವು. ಹಾದಿಯಲ್ಲಿ ಕಲ್ಲಾಗಿದ್ದವರೂ ಕಣ್ಣುಜ್ಜಿಕೊಂಡು ಎದ್ದರು. ಬಿಂಗಾಲ ಒಡೆದ ಮಡಕೆಯ ಬೋಕಿಗಳ ನಡುವೆ ಬರೀ ದೊಡ್ಡ ಕಿವಿಯ ಮುದುಕನಾಗಿ ಉಳಿದ.

ಸೈನಿಕರು ಅವನನ್ನೂ ಚೆನ್ನಿಗನನ್ನೂ ಅರಮನೆಗೆ ಕರೆದೊಯ್ದರು. ರಾಜ ಕೇಳಿದ: “ಇವನಿಗೇನು ಶಿಕ್ಷೆ ಕೊಡೋಣ?”

“ಹದಿನೈದನೇ ಗುಡ್ಡದ ಗೋಪುರದ ಕಾವಲಿಗೆ ಹಾಕಿ ಪ್ರಭು,” ಎಂದ ಚೆನ್ನಿಗ. “ಎಂಟು ವರ್ಷ ಕಾದವನು ಹೇಳ್ತಿದ್ದೀನಿ. ಅದಕ್ಕಿಂತ ಘೋರ ಶಿಕ್ಷೆ ಇಲ್ಲ.”

ರಾಜನಿಗೆ ಮಾತು ನಾಟಿತು. ತುಸು ನಾಚಿಕೆಯೂ ಆಯಿತು. ಹೊರಡುವಾಗ ಚೆನ್ನಿಗ ನಲವತ್ತೊಂದನೆಯ ಚಾವಟಿಯನ್ನು ಮುದುಕನ ಹೆಗಲಿಗೆ ಹಾಕಿದ.

ಗುಡ್ಡಕ್ಕೆ ಮರಳಿದ ಮರುದಿನ ಬೆಳಗ್ಗೆ ಚೆನ್ನಿಗ ತನ್ನ ಗೋಪುರದ ಅಂಚಿಗೆ ನಿಂತು ಬೀಸಿದ. ಛಟೀರ್! ಗುಡ್ಡ ಉತ್ತರಿಸಿತು: ಛಟೀರ್! ಚೆನ್ನಿಗ ಕಣ್ಣು ಮುಚ್ಚಿದ. ಆಗ ಎದುರಿನಿಂದ ಇನ್ನೊಂದು ಬಂತು: ಫಟ್. ಸೊಟ್ಟ, ಸಪ್ಪೆ, ಮಣಿಕಟ್ಟು ಬೇಗ ತಿರುಗಿಸಿದವನ ಏಟು. ಗುಡ್ಡ ಎಂದೂ ಹಾಗೆ ತಪ್ಪುವುದಿಲ್ಲ.

“ಮಣಿಕಟ್ಟು ಸಡಿಲ ಬಿಡೋ ಮುದುಕಾ!”

“ಏನಂದೇ?”

“ಕಿವಿ ಅಷ್ಟುದ್ದ ಇಟ್ಕೊಂಡು ಏನಂದೆ ಅಂತ ಕೇಳ್ತೀಯಲ್ಲ!”

ಅಂದಿನಿಂದ ವಾರಕ್ಕೊಮ್ಮೆ ಇಬ್ಬರೂ ನಡುವಿನ ಕಣಿವೆಗೆ ಇಳಿಯುವರು. ಗೋಡೆಯ ಮೇಲಿನ ಚಾವಟಿಗಳನ್ನು ಒಂದೊಂದಾಗಿ ತಂದು, ಹಳೆಯ ಗಂಟು ಬಿಚ್ಚಿ, ಜಗ್ಗಾಡಿ ಹೊಸದು ಬಿಗಿಯುವರು. ಹದಿನಾರು ಗುಡ್ಡಗಳ ಜನ ಕರೆದವರಿಗೆ ಓಗೊಡುತ್ತ ಸುಖವಾಗಿ ಬಾಳಿದರು. ಗೋಪುರದ ಬಾಗಿಲ ಕಂಬ ಮಾತ್ರ ಕೆಲಸ ಕಳೆದುಕೊಂಡು, ಬರೀ ಬಾಗಿಲನ್ನು ಹೊತ್ತು ನಿಂತಿತು.