ಟ್ಯಾಲಿನ್‌ನಲ್ಲಿ ಮೂರು ರಾತ್ರಿ, ಒಂದೇ ಮಂಚ

ಧಡ್!

ಬಾಗಿಲಿಗೆ ಬಿದ್ದ ಎರಡನೇ ಒದೆ ಅದು. ಮೂರನೆಯದಕ್ಕೆ ಚಿಲಕ ಉಳಿಯುವುದಿಲ್ಲ.

ನಾನಿದ್ದದ್ದು ಹೋಟೆಲಿನ ಎರಡನೇ ಮಹಡಿಯ ಬಟ್ಟೆ ಕೋಣೆಯಲ್ಲಿ. ಎದುರಿಗೆ ಕೊಳೆ ಬಟ್ಟೆ ಸಾಗಿಸುವ ಚಕ್ರದ ಗಾಡಿ. ಗಾಡಿಯೊಳಗೆ ಎಪ್ಪತ್ತೆಂಟು ವರ್ಷದ ಮದುಮಗ!

ಮೈಮೇಲೆ ಕಪ್ಪು ಸೂಟು. ಕೋಟಿಗೆ ಸಿಕ್ಕಿಸಿದ ಬಿಳಿ ಹೂವು. ಕಾಲಿಗೆ ಹೋಟೆಲಿನವರು ಕೊಟ್ಟ ಬಟ್ಟೆ ಚಪ್ಪಲಿ. ಬೂಟು ಪಾಲಿಶ್‌ಗೆ ಹೋಗಿತ್ತು.

"ಈ ಟವೆಲ್ಲು ಒದ್ದೆ ಇದೆ," ಎಂದ ಮುದುಕ.

"ಬಾಯಿ ಮುಚ್ಕೊಂಡು ಮಲಗಿ!"

"ಮದುವೆ ದಿನ ನೆಗಡಿ ಆದ್ರೆ..."

"ಆಚೆ ಇರೋರ ಕೈಗೆ ಸಿಕ್ಕಿದ್ರೆ ಮದುವೇನೇ ಆಗಲ್ಲ!"

ಅವನ ತಲೆಯ ಮೇಲೆ ಇನ್ನೂ ನಾಲ್ಕು ಟವೆಲ್ಲು ಒಗೆದೆ. ಗಂಟೆ ಹತ್ತೂ ಹತ್ತು. ಹನ್ನೊಂದಕ್ಕೆ ಮದುವೆ.

ನನ್ನ ಹೆಸರು ಹೆಲ್ವೆ. ವಯಸ್ಸು ಐವತ್ತೆರಡು. ಹದಿನೆಂಟು ವರ್ಷ ಪೊಲೀಸಿನಲ್ಲಿದ್ದೆ. ಮೇಲಧಿಕಾರಿಯ ಮುಖಕ್ಕೆ ಫೈಲು ಎಸೆದ ದಿನ ಹೊರಬಂದೆ. ಈಗ ಬೇರೆ ಕಸುಬು. ಯಾರ ಕಣ್ಣಿಗೂ ಬೀಳದೆ ನಾಲ್ಕು ದಿನ ಇರಬೇಕು ಅನ್ನುವವರಿಗೆ ಈ ಊರಿನಲ್ಲಿ ಹಾಸಿಗೆ ಹುಡುಕಿಕೊಡುತ್ತೇನೆ. ಗಂಡನಿಂದ ತಪ್ಪಿಸಿಕೊಂಡ ಹೆಂಗಸರು, ಪತ್ರಿಕೆಯವರಿಂದ ತಪ್ಪಿಸಿಕೊಂಡ ಹಾಡುಗಾರರು... ಎಲ್ಲರನ್ನೂ ನೋಡಿದ್ದೇನೆ.

ಮಗನಿಂದ ತಪ್ಪಿಸಿಕೊಂಡ ಮದುಮಗ ಇದೇ ಮೊದಲು.

ಹತ್ತು ದಿನದ ಹಿಂದೆ ಮಾರ್ಕೆಟ್ಟಿನಲ್ಲಿ ನಾನು ಕಾಫಿ ಕುಡಿಯುವ ಮೇಜಿಗೇ ಬಂದು ಕೂತಳು ಮದುಮಗಳು. ಕೇಳಲೂ ಇಲ್ಲ, ಕೈಚೀಲ ಕುಕ್ಕಿದಳು.

"ಬರ್ಕೋ ಹುಡುಗಿ."

ಐವತ್ತೆರಡರವಳನ್ನು ಹುಡುಗಿ ಅಂದವಳ ಮೇಲೆ ಸಿಟ್ಟು ಹೇಗೆ ಬಂದೀತು? ಪೆನ್ನು ತೆಗೆದೆ.

ಅವಳ ಹೆಸರು ಮಾಯ್ಮು. ಎಪ್ಪತ್ತಮೂರು ವರ್ಷ. ಅದರಲ್ಲಿ ಮೂವತ್ತೊಂದು ವರ್ಷ ಟ್ಯಾಲಿನ್ ಟ್ರಾಮು ಓಡಿಸಿದವಳು.

"ಮೂರು ರಾತ್ರಿ ಬೇಕು. ಹಳೇ ಊರಿನ ಕೋಟೆ ಗೋಡೆ ಒಳಗೇ ಇರಬೇಕು. ಜೀವಮಾನ ಪೂರ್ತಿ ಆ ಗೋಡೇನ ಸುತ್ತು ಹಾಕಿದೀನಿ. ಒಳಗೆ ಒಂದು ದಿನಾನೂ ಮಲಗಿಲ್ಲ."

"ಆಮೇಲೆ?"

"ಮೆಟ್ಟಿಲು ಇರಬಾರದು. ನಮ್ಮಿಬ್ಬರಿಗೆ ಸೇರಿ ನಾಲ್ಕು ಮೊಣಕಾಲು. ಎರಡು ಸ್ಟೀಲು."

"ಆರುನೂರು ವರ್ಷದ ಮನೆಗಳಮ್ಮಾ ಅವು. ಮೆಟ್ಟಿಲು ಏಣಿ ಥರ ಇರುತ್ತೆ."

"ಸುಲಭ ಇದ್ದಿದ್ರೆ ನಾನೇ ಹುಡುಕ್ತಿದ್ದೆ. ಹಾಸಿಗೆ ಗಟ್ಟಿ ಇರಲಿ. ಗರಿ ತುಂಬಿದ ದಿಂಬು ಬೇಡ, ಸೀನು ಬರುತ್ತೆ. ಸ್ನಾನದ ತೊಟ್ಟಿಗೆ ಹಿಡ್ಕೊಳೋಕೆ ಕಂಬಿ. ಬೆಳಿಗ್ಗೆ ಕಪ್ಪು ಬ್ರೆಡ್ಡು, ಉಪ್ಪು ಮೀನು. ಕಿಟಕಿ ಪಕ್ಕ ಚರ್ಚಿನ ಗಂಟೆ ಬೇಡ. ಕುಡಿದು ಬೀದೀಲಿ ಕಿರುಚೋ ಇಂಗ್ಲಿಷ್ ಹುಡುಗರಂತೂ ಬೇಡವೇ ಬೇಡ."

"ಮಂಚ ಎರಡಾ?"

ಕನ್ನಡಕದ ಮೇಲಿಂದ ನೋಡಿದಳು.

"ಒಂದು! ನಾವೇನು ಚರ್ಚಿಗೆ ಬಂದಿರೋ ಅಣ್ಣ ತಂಗೀನಾ?"

ಮದುಮಗನ ಹೆಸರು ಎಂಡೆಲ್. ಹೀಯುಮಾ ದ್ವೀಪದವನು, ದೋಣಿ ಎಂಜಿನ್ ರಿಪೇರಿ ಮಾಡುತ್ತಿದ್ದವನು. ಮೊಣಕಾಲಿನ ಆಪರೇಷನ್ ಆದಮೇಲೆ ಇಬ್ಬರೂ ಒಂದೇ ಆರೋಗ್ಯಧಾಮದಲ್ಲಿ ಮಣ್ಣಿನ ಸ್ನಾನಕ್ಕೆ ಹೋಗಿದ್ದರಂತೆ. ಪರದೆಯ ಆಚೆ ಅವನು, ಈಚೆ ಇವಳು. ಇಬ್ಬರೂ ಕತ್ತಿನವರೆಗೆ ಕೆಸರಿನಲ್ಲಿ! ಅವನು ಜೋಕು ಹೇಳಿದ. ಇವಳು ನಕ್ಕಳು. ಮುಗಿಯಿತು ಕತೆ.

"ತೊಂದರೆ ಯಾರಿಂದ?" ಎಂದು ಕೇಳಿದೆ.

"ಅವನ ಮಗ. ತಾರ್ಮೊ."

ದ್ವೀಪದ ಸಮುದ್ರದಂಚಿನಲ್ಲಿ ಎಂಡೆಲ್‌ಗೆ ಜಮೀನಿತ್ತು. ಅಲ್ಲಿ ರೆಸಾರ್ಟ್ ಕಟ್ಟಬೇಕೆಂದು ತಾರ್ಮೊನ ಆಸೆ. ಹೊಸ ಹೆಂಡತಿ ಬಂದರೆ ಪಾಲು ಹೋಗುತ್ತದೆಂಬ ಭಯ. ಅದಕ್ಕೇ ಯಾವನೋ ಡಾಕ್ಟರಿಂದ ಚೀಟಿ ಬರೆಸಿದ್ದ: ಅಪ್ಪನ ತಲೆ ಸರಿಯಿಲ್ಲ. ಕೋರ್ಟಿಗೆ ಅರ್ಜಿಯನ್ನೂ ಹಾಕಿದ್ದ. ವಿಚಾರಣೆ ಸೋಮವಾರ. ಮದುವೆ ಅದರ ಹಿಂದಿನ ಶುಕ್ರವಾರ. ವಿಚಾರಣೆಯವರೆಗೆ ಅಪ್ಪನನ್ನು ಯಾವುದಾದರೂ ವೃದ್ಧಾಶ್ರಮದಲ್ಲಿ ಕೂಡಿಹಾಕುವುದು ಅವನ ಪ್ಲಾನು.

ಹನ್ನೊಂದು ಹೋಟೆಲು ಸುತ್ತಿದೆ. ಹನ್ನೊಂದು ಹಾಸಿಗೆಯ ಮೇಲೆ ಬೂಟು ಕಳಚಿ ಮಲಗಿ ಎದ್ದೆ. ಒಂದು ಕಡೆ ಲಿಫ್ಟ್ ಇತ್ತು, ಆದರೆ ಲಿಫ್ಟ್ ಮುಟ್ಟಲು ಒಂಬತ್ತು ಮೆಟ್ಟಿಲು! ಇನ್ನೊಂದು ಕಡೆ ಎಲ್ಲಾ ಸರಿಯಿತ್ತು, ಕೆಳಗೆ ಬಿಯರ್ ಅಂಗಡಿ. ಕೊನೆಗೆ ಪಿಕ್ ಬೀದಿಯ ತಗ್ಗಿನಲ್ಲಿ ಸಿಕ್ಕಿತು. ಹಳೇ ವ್ಯಾಪಾರಿಯ ಮನೆ, ಹೊಸ ಲಿಫ್ಟು, ಗಟ್ಟಿ ಹಾಸಿಗೆ, ತೊಟ್ಟಿಗೆ ಕಂಬಿ. ಬಟ್ಟೆ ಸಾಗಿಸುವ ಇನ್ನೊಂದು ಲಿಫ್ಟು ನೇರ ಹಿಂದಿನ ಓಣಿಗೆ. ನನ್ನ ಕಸುಬಿನಲ್ಲಿ ಹಿಂಬಾಗಿಲಿಲ್ಲದ ಸುಖ ಸುಖವೇ ಅಲ್ಲ.

ಕೋಣೆ ಹಿಡಿದದ್ದು ನನ್ನ ಹೆಸರಿನಲ್ಲಿ. ಬುಧವಾರ ಬಂದರು. ಎರಡು ರಾತ್ರಿ ಹಾಯಾಗಿ ಕಳೆಯಿತು.

ಶುಕ್ರವಾರ ಬೆಳಿಗ್ಗೆ ಮಾಯ್ಮು ಕೂದಲು ಮಾಡಿಸಲು ಹೋದಳು. ನಾನು ಕೆಳಗೆ ಕಾಫಿ ಹಿಡಿದು ಕೂತಿದ್ದೆ. ಹತ್ತು ಗಂಟೆಗೆ ಬಾಗಿಲ ಮುಂದೆ ಕಪ್ಪು ಜೀಪು ನಿಂತಿತು. ಹಿಂದೆ ಬಿಳಿ ವ್ಯಾನು. ಜೀಪಿನಿಂದ ತಾರ್ಮೊ ಇಳಿದ, ಮಾಯ್ಮು ತೋರಿಸಿದ್ದ ಫೋಟೋದ ಅದೇ ಮುಖ. ವ್ಯಾನಿನಿಂದ ಇಬ್ಬರು ದಾಂಡಿಗರು.

ತಾರ್ಮೊ ಕೌಂಟರಿನಲ್ಲಿ ಹೆಸರು ಕೇಳಲೇ ಇಲ್ಲ.

"ಇನ್ನೂರ ಏಳು ಯಾವ ಕಡೆ?" ಎಂದ.

ಕೋಣೆಯ ನಂಬರ್! ಕಾಫಿ ಅಲ್ಲೇ ಬಿಟ್ಟೆ. ಮೆಟ್ಟಿಲು ಹಾರಿ ಮೇಲೆ ಓಡಿದೆ. ಎಂಡೆಲ್ ಕನ್ನಡಿಯ ಮುಂದೆ ಹೂವು ಸಿಕ್ಕಿಸಿಕೊಳ್ಳುತ್ತಿದ್ದ.

"ನಿಮ್ಮ ಮಗನಿಗೆ ಈ ಜಾಗ ಯಾರು ಹೇಳಿದ್ದು?"

"ನಾನೇ. ನಿನ್ನೆ ಫೋನ್ ಮಾಡಿದ್ದೆ."

"ಏನು?!"

"ಮಗ ಅಲ್ವೇನಮ್ಮಾ... ಮದುವೆಗೆ ಕರೀಬಾರದಾ?"

ಏನು ಹೇಳುತ್ತೀರಿ ಇಂಥವನಿಗೆ! ತೋಳು ಹಿಡಿದು ಎಳೆದುಕೊಂಡು ಬಂದು ಬಟ್ಟೆ ಕೋಣೆಗೆ ತುರುಕಿದೆ. ಹೀಗೆ ಗಾಡಿ, ಹೀಗೆ ಟವೆಲ್ಲು.

ಧಡ್!

ಚಿಲಕ ಹಾರಿತು. ಒಬ್ಬ ದಾಂಡಿಗ ಒಳಗೆ ಬಂದ. ಬಾಗಿಲಿನಷ್ಟೇ ಅಗಲ. ಕತ್ತಿಗೆ ನೀಲಿ ಟೈ.

"ತಾತ ಎಲ್ಲಿ?"

"ತಾತ ಇಲ್ಲ. ಟವೆಲ್ಲು ಇದೆ. ಬೇಕಾ?"

ಗಾಡಿ ಸೀನಿತು.

"ಹಾಕ್ಷಿ!"

ದಾಂಡಿಗ ನಕ್ಕ. ನಾನೂ ನಕ್ಕೆ. ಇಸ್ತ್ರಿ ಮೇಜನ್ನು ಅವನ ಮೊಣಕಾಲಿಗೆ ಒದ್ದೆ. ಅವನು ಬಗ್ಗಿದ. ಅಷ್ಟರಲ್ಲಿ ಬಂದು ನಿಂತ ಬಟ್ಟೆ ಲಿಫ್ಟಿನೊಳಗೆ ಗಾಡಿಯನ್ನು ನೂಕಿ, ನಾನೂ ಹೊಕ್ಕು ಗುಂಡಿ ಒತ್ತಿದೆ. ಮುಚ್ಚುತ್ತಿದ್ದ ಬಾಗಿಲಿಗೆ ಅವನು ಮುನ್ನುಗ್ಗಿದ. ಟೈ ಸಿಕ್ಕಿಕೊಂಡಿತು!

ಲಿಫ್ಟ್ ಇಳಿಯತೊಡಗಿತು. ಅವನ ಕೂಗು ಮೇಲೇ ಉಳಿಯಿತು.

ಗಾಬರಿ ಬೇಡ. ಟೈ ನಮ್ಮ ಜೊತೆಗೇ ಕೆಳಗೆ ಬಂತು. ಕ್ಲಿಪ್ಪಿನ ಟೈ.

ಇಳಿಯುತ್ತಲೇ ಮಾಯ್ಮುಗೆ ಫೋನ್ ಮಾಡಿದೆ.

"ಎಲ್ಲಿದೀರಿ?"

"ಕೂದಲು ಒಣಗಿಸೋ ಮೆಷಿನ್ ಕೆಳಗೆ! ಏನು?"

"ತಾರ್ಮೊ ಬಂದಿದಾನೆ. ಟ್ಯಾಕ್ಸಿ ಕರೆಯೋಕೆ ಹೊತ್ತಿಲ್ಲ."

ಮೆಷಿನ್ ನಿಂತ ಸದ್ದು. ಆಮೇಲೆ ಟ್ರಾಮು ಡ್ರೈವರಿನ ದನಿ ಬಂತು.

"ಕೋಟೆ ಬಾಗಿಲಾಚೆಯ ಸ್ಟಾಪು. ಆರು ನಿಮಿಷ."

ಹಿಂದಿನ ಓಣಿಗೆ ಬಿದ್ದೆವು. ಅಲ್ಲಿಂದ ಪಿಕ್ ಬೀದಿ. ಆ ಬೀದಿಯ ಕಲ್ಲು ಹಾಸು ಕುದುರೆಗೆಂದು ಹಾಕಿದ್ದು, ಗಾಡಿಯೊಳಗಿನ ಮದುಮಗನಿಗಲ್ಲ. ಇಳಿಜಾರು ಬೇರೆ. ಗಡಗಡ ಗಡಗಡ...

"ನನ್ನ ಹಲ್ಲಿನ ಸೆಟ್ಟು!"

"ಕಚ್ಚಿ ಹಿಡ್ಕೊಳ್ಳಿ!"

ಪ್ರವಾಸಿಗಳು ಪಕ್ಕಕ್ಕೆ ಹಾರಿ ಫೋಟೋ ತೆಗೆದರು. ಏಪ್ರಿಲ್ಲಿನ ಹಿಮ ಮುಖಕ್ಕೆ ಹೊಡೆಯುತ್ತಿತ್ತು. ಹಿಂದೆ ತಾರ್ಮೊನ ಬೂಟಿನ ಸದ್ದು.

"ಅಪ್ಪಾ! ನಿಲ್ಲು!"

ಗಾಡಿಯೊಳಗಿಂದ ಒಂದು ತಲೆ ಮೇಲೆದ್ದಿತು.

"ನಿಲ್ಲಿಸೋದು ನನ್ನ ಕೈಲಿಲ್ಲ ಕಣೋ!"

ಕೋಟೆ ಬಾಗಿಲು ದಾಟಿದೆವು. ಟ್ರಾಮು ಬಂದೇ ಬಂತು. ಡ್ರೈವರಿನ ಪಕ್ಕ ಮಾಯ್ಮು ನಿಂತಿದ್ದಳು. ತಲೆಯ ಅರ್ಧ ಭಾಗ ಗುಂಗುರು ಕೂದಲು, ಇನ್ನರ್ಧ ಪ್ಲಾಸ್ಟಿಕ್ ಸುರುಳಿ. ಡ್ರೈವರ್ ಸೀರಿ ಅವಳ ಹತ್ತಿರವೇ ಕೆಲಸ ಕಲಿತ ಹೆಂಗಸು. ಮುದುಕನನ್ನು ಎತ್ತಿ ಒಳಗೆ ಹಾಕಿ ನಾನೂ ಹತ್ತಿದೆ. ಗಾಡಿ ಸ್ಟಾಪಿನಲ್ಲೇ ಉಳಿಯಿತು.

ತಾರ್ಮೊ ನನ್ನನ್ನೇ ನೋಡುತ್ತ ಗಾಜಿಗೆ ಗುದ್ದಿದ.

"ಏಯ್, ನಿನ್ನ ಲೈಸೆನ್ಸ್ ಕಿತ್ತು ಹಾಕಿಸ್ತೀನಿ!"

"ನನಗೆ ಲೈಸೆನ್ಸೇ ಇಲ್ಲ ಕಣೋ!" ಎಂದೆ.

ಟ್ರಾಮು ಹೊರಟಿತು. ದಾಂಡಿಗರು ಜೀಪು ತಂದರು, ಅವನು ಹತ್ತಿದ. ಬೆನ್ನಿಗೇ ಬಿದ್ದರು.

ಟ್ರಾಮಿನಲ್ಲಿ ಇಪ್ಪತ್ತು ಜನ ಇದ್ದರು. ಯಾರೂ ತಲೆ ಎತ್ತಲಿಲ್ಲ. ನಮ್ಮೂರಿನವರು ಹಾಗೇ. ಒಬ್ಬ ಮಾತ್ರ ಎಂಡೆಲ್‌ನ ಹೂವು ನೋಡಿದ, ಚಪ್ಪಲಿ ನೋಡಿದ. ಎದ್ದು ಸೀಟು ಬಿಟ್ಟ.

ಮಾಯ್ಮು ಪಕ್ಕದಲ್ಲಿ ಕೂತಳು.

"ಮಗನಿಗೆ ಫೋನ್ ಮಾಡಿದ್ಯಾ?"

"ಮಾಡಿದೆ."

ಬೈಯುತ್ತಾಳೆ ಅಂದುಕೊಂಡೆ. ಅವಳು ಕೊರಳಿನ ಉಣ್ಣೆ ಶಾಲು ಬಿಚ್ಚಿ, ಕಷ್ಟಪಟ್ಟು ಬಗ್ಗಿ, ಅವನ ಒದ್ದೆ ಚಪ್ಪಲಿಗಳ ಸುತ್ತ ಸುತ್ತಿದಳು.

"ನಾನಾಗಿದ್ರೂ ಮಾಡ್ತಿದ್ದೆ," ಎಂದಳು.

ಮುಂದಿನ ತಿರುವಿನಲ್ಲಿ ಮಾಯ್ಮು ಸೀರಿಯ ಕಿವಿಯಲ್ಲಿ ಏನೋ ಹೇಳಿದಳು. ಸೀರಿ ಬ್ರೇಕ್ ಎಳೆದಳು. ಉದ್ದನೆಯ ಟ್ರಾಮು ಕೂಡುರಸ್ತೆಗೆ ಅಡ್ಡಲಾಗಿ ಮಲಗಿದ ಹಸುವಿನಂತೆ ನಿಂತುಬಿಟ್ಟಿತು. ಅದರ ಹಿಂದೆ ಜೀಪು. ಜೀಪಿನ ಹಿಂದೆ ಲಾರಿ. ಲಾರಿಯ ಹಿಂದೆ ಇಡೀ ಊರು!

"ಏನಾಯ್ತು?" ಯಾರೋ ಕೇಳಿದರು.

"ಬಾಗಿಲು ಸರಿಯಾಗಿ ಮುಚ್ತಾ ಇಲ್ಲ," ಎಂದಳು ಸೀರಿ, ಉಗುರು ನೋಡಿಕೊಳ್ಳುತ್ತ. "ನೋಡ್ಬೇಕು. ಹತ್ತು ನಿಮಿಷ ಆಗ್ಬಹುದು."

ನಾವು ಮುಂದಿನ ಬಾಗಿಲಿನಿಂದ ಇಳಿದೆವು. ಮುನ್ನೂರು ಮೀಟರ್ ನಡಿಗೆ. ನಾಲ್ಕು ಮೊಣಕಾಲು, ಎರಡು ಸ್ಟೀಲು. ಜೀವನದಲ್ಲಿ ನಾನು ಅಷ್ಟು ನಿಧಾನವಾಗಿ ಓಡಿದ್ದಿಲ್ಲ.

ಹನ್ನೊಂದಕ್ಕೆ ಎರಡು ನಿಮಿಷ ಇದ್ದಾಗ ಮದುವೆ ನೋಂದಣಿ ಕಚೇರಿಯ ಒಳಗಿದ್ದೆವು. ಅಧಿಕಾರಿ ಒಬ್ಬ ಸಣಕಲು ಹೆಂಗಸು. ಪ್ಲಾಸ್ಟಿಕ್ ಸುರುಳಿ ನೋಡಿಯೂ ಏನೂ ಅನ್ನಲಿಲ್ಲ. ಪುಸ್ತಕ ತೆರೆದಳು.

ಬಾಗಿಲು ದಢಾರನೆ ತೆರೆಯಿತು.

ತಾರ್ಮೊ. ಜೀಪು ಬಿಟ್ಟು ಓಡಿಬಂದಿದ್ದ. ಬೆವರು. ಕೈಯಲ್ಲಿ ಕಾಗದ.

"ನಿಲ್ಲಿಸಿ! ನಮ್ಮಪ್ಪನಿಗೆ ತಲೆ ಸರಿಯಿಲ್ಲ! ಡಾಕ್ಟರ್ ಬರೆದುಕೊಟ್ಟಿದಾರೆ!"

ನಾನು ಅವನಿಗೆ ಅಡ್ಡ ನಿಂತೆ. ಅಧಿಕಾರಿ ಕೈಯೆತ್ತಿ ನನ್ನನ್ನು ತಡೆದಳು. ಕಾಗದ ಓದಿ ಅವನಿಗೇ ವಾಪಸು ಕೊಟ್ಟಳು, ಆತುರವಿಲ್ಲದೆ.

"ಕೋರ್ಟಿನ ಆದೇಶ ಎಲ್ಲಿ?"

"ವಿಚಾರಣೆ ಸೋಮವಾರ ಇದೆ."

"ಹಾಗಾದ್ರೆ ಸೋಮವಾರ ಬನ್ನಿ. ಇವತ್ತು ಶುಕ್ರವಾರ."

ಆಮೇಲೆ ಎಂಡೆಲ್ ಕಡೆ ತಿರುಗಿದಳು.

"ಇವರು ಯಾರು ಅಂತ ಗೊತ್ತಾ ನಿಮಗೆ?"

"ಮಾಯ್ಮು. ಹುಷಾರು, ಎದುರು ಮಾತಾಡಬೇಡಿ. ಕಚ್ಚಲ್ಲ, ಆದ್ರೆ ಟ್ರಾಮಿನ ಗಂಟೆ ಹೊಡೀತಾಳೆ."

ಅಧಿಕಾರಿಯ ತುಟಿಯಂಚು ಅಲ್ಲಾಡಿತು. ತಾರ್ಮೊ ಮೇಜಿಗೆ ಗುದ್ದಿದ.

"ಅಪ್ಪಾ, ತಮಾಷೆ ಸಾಕು! ಆ ಜಮೀನು..."

"ಕೂತ್ಕೋ ತಾರ್ಮೊ."

ಅಷ್ಟು ಹೊತ್ತು ಗಾಡಿಯಲ್ಲಿ ಸೀನುತ್ತಿದ್ದ ಮುದುಕನ ದನಿಯೇ ಅಲ್ಲ ಅದು. ಮಗ ಕೂತ.

"ಇವತ್ತು ಎರಡು ಗಂಟೆಗೆ ನೋಟರಿ ಹತ್ತಿರ ಟೈಮ್ ತಗೊಂಡಿದೀನಿ. ನನಗೂ ನಿನಗೂ. ಜಮೀನು ನಿನ್ನ ಹೆಸರಿಗೆ ಬರೆಯೋಕೆ."

ಎಂಡೆಲ್ ಕೋಟಿನ ಹೂವು ಸರಿಮಾಡಿಕೊಂಡ.

"ಮಾಯ್ಮುಗೆ ಅದು ಬೇಡ. ಸೊಳ್ಳೆ ಜಾಸ್ತಿಯಂತೆ. ಫೋನಿನಲ್ಲಿ ಅದನ್ನೇ ಹೇಳೋಕೆ ಹೊರಟಿದ್ದೆ. ನೀನು ಹೋಟೆಲಿನ ಹೆಸರು ಕೇಳಿದೆ, ರೂಮಿನ ನಂಬರ್ ಕೇಳಿದೆ, ಫೋನ್ ಇಟ್ಟೆ."

ತಾರ್ಮೊ ಕಾಗದ ಮಡಚಿದ. ನಲವತ್ತೈದರ ಗಂಡಸು, ಕಿವಿಯವರೆಗೂ ಕೆಂಪು. ಅವನ ಮುಖ ನೋಡಲಾಗಲಿಲ್ಲ ನನಗೆ.

"ಹಾಗಾದ್ರೆ... ಎರಡು ಗಂಟೆಗೆ ಹೋಗೋಣ ಅಪ್ಪಾ."

"ಹೇಗೆ ಹೋಗೋದು? ತಲೆ ಸರಿಯಿಲ್ಲದವನ ಸಹಿ ನಡೆಯಲ್ಲ," ಎಂದ ಎಂಡೆಲ್. "ಡಾಕ್ಟರ್ ಚೀಟಿ ನಿನ್ನ ಕೈಲೇ ಇದೆಯಲ್ಲೋ!"

ಮಾಯ್ಮು ಮಗನ ಕಡೆ ಬಗ್ಗಿದಳು.

"ಮದುವೆ ಐದು ನಿಮಿಷದ್ದು. ಬಂದಿದೀಯ, ನೋಡ್ಕೊಂಡು ಹೋಗು."

ಅವನು ಹೋಗಲಿಲ್ಲ. ಕೂತೇ ನೋಡಿದ. ಅಪ್ಪ ಉಂಗುರ ತೊಡಿಸಿದ. ತಾರ್ಮೊ ತಲೆ ತಗ್ಗಿಸಿ ಶಾಲು ಸುತ್ತಿದ ಆ ಚಪ್ಪಲಿಗಳನ್ನೇ ನೋಡುತ್ತಿದ್ದ.

ಇನ್ನು ಅಡಗುವ ಅಗತ್ಯವಿರಲಿಲ್ಲ. ಮೂರನೇ ರಾತ್ರಿಯೂ ಅದೇ ಹೋಟೆಲು. ಶನಿವಾರ ತಿಂಡಿಯ ಹೊತ್ತಿಗೆ ಲೆಕ್ಕ ಮುಗಿಸಲು ಹೋದೆ. ಮಾಯ್ಮು ಕಪ್ಪು ಬ್ರೆಡ್ಡಿನ ಮೇಲೆ ಮೀನು ಜೋಡಿಸುತ್ತಿದ್ದಳು.

"ಹಾಸಿಗೆ ಹೇಗಿತ್ತು?"

"ಗಟ್ಟಿ ಇತ್ತು. ನಿದ್ದೆ ಬರಲಿಲ್ಲ."

"ಯಾಕೆ?"

"ಮದುವೆ ಆದವರನ್ನ ಹಾಗೆಲ್ಲ ಕೇಳಬಾರದು ಹುಡುಗಿ."

ಸೋಮವಾರ ತಾರ್ಮೊ ಅರ್ಜಿ ವಾಪಸು ಪಡೆದ. ಜಮೀನು? ಇನ್ನೂ ಮುದುಕನ ಹೆಸರಿನಲ್ಲೇ ಇದೆ. ನೋಟರಿಯ ಮಾತು ಬಂದಾಗಲೆಲ್ಲ ಎಂಡೆಲ್‌ಗೆ ಮೊಣಕಾಲು ನೋವು ಬರುತ್ತದೆ. ತಾರ್ಮೊ ಈಗ ಪ್ರತಿ ಭಾನುವಾರ ಹೊಗೆಯಲ್ಲಿ ಬೇಯಿಸಿದ ಮೀನು ಹಿಡಿದು ಅಪ್ಪನ ಮನೆಗೆ ಹೋಗುತ್ತಾನಂತೆ. ಪಾತ್ರೆಯನ್ನೂ ತೊಳೆಯುತ್ತಾನಂತೆ.

ಮೊನ್ನೆ ಫೋನಿನಲ್ಲಿ ಮುದುಕನನ್ನು ನೇರವಾಗಿಯೇ ಕೇಳಿದೆ.

"ನಿಮ್ಮ ಮಗ ಬರೋದು ನಿಮಗೋಸ್ಕರನಾ, ಜಮೀನಿಗೋಸ್ಕರನಾ?"

ಆ ಕಡೆಯಿಂದ ಅಗಿಯುವ ಸದ್ದು ಕೇಳಿಸಿತು.

"ಅದನ್ನೆಲ್ಲ ಕೇಳೋಕೆ ಹೋಗಿಲ್ಲಮ್ಮಾ," ಎಂದ. "ಮೀನಂತೂ ತಾಜಾ ಇರುತ್ತೆ."